ಗಾಜಿನ ಗೀರು

ವಿರಾಜಪೇಟೆ ಗಡಿಯಾರ ಕಂಬದಿಂದ ಇಳಿದರೆ
ಬೇಕರಿಗೂ ಕೋವಿ ರಿಪೇರಿಗೂ ನಡುವೆ
ಎಂಟಡಿ ಅಗಲದ ನನ್ನ ಜೆರಾಕ್ಸ್ ಅಂಗಡಿ.
ಹಗಲೆಲ್ಲ ಆಧಾರ್, ಆರ್‌ಟಿಸಿ, ಜಮ್ಮಾ ಜಾಗದ ಹಳೇ ಕಾಗದ.
ಮೂರು ತಿಂಗಳಿಗೊಮ್ಮೆ, ಶಟರು ಅರ್ಧ ಎಳೆದ ಮೇಲೆ,
ಅದೇ ಯಂತ್ರ ಸುರಂಗ ಉಗುಳುತ್ತದೆ, ಡ್ರ್ಯಾಗನ್ ಉಗುಳುತ್ತದೆ,
ಬಿಸಿಬಿಸಿಯಾಗಿ ಅರವತ್ತು ಪ್ರತಿ,
ಇಪ್ಪತ್ತನಾಲ್ಕು ಪುಟ, ನಡುವೆ ಎರಡು ಪಿನ್ನು.
ಪತ್ರಿಕೆಯ ಹೆಸರು ‘ಇಪ್ಪತ್ತು ಮುಖ’,
ದಾಳ ಉರುಳಿಸಿ, ಪಾತ್ರ ಹಾಕಿ, ಕಥೆಯೊಳಗೆ ಆಡುವವರಿಗೆ.
ರಾವಣನ ವಿಷಯವಾ ಅಂತ ಕೇಳಿದವರಿಗೆ
ಅವನಿಗೆ ಹತ್ತೇ ಅಲ್ವಾ ಅಂದು ಚಿಲ್ಲರೆ ಎಣಿಸುತ್ತೇನೆ.

ಐದನೇ ಸಂಚಿಕೆಯ ಬೆನ್ನಿಗೆ ಧೈರ್ಯ ಮಾಡಿ ಹಾಕಿದೆ:
ಓದುಗರೇ, ನಿಮಗೆ ಏನು ಬೇಕು?

ಹನ್ನೊಂದು ಉತ್ತರ.
ಪೊನ್ನಂಪೇಟೆಯ ನರ್ಸ್ ಫಿಲೋಮಿನಾಗೆ
ಎರಡು ಗಂಟೆಯಲ್ಲಿ ಮುಗಿಯುವ ಸಾಹಸ ಬೇಕು,
‘ಮೂರನೇ ಗಂಟೆಗೆ ಯಾರಿಗಾದರೂ ನೋವು ಶುರುವಾಗುತ್ತದೆ.’
ನಿವೃತ್ತ ಸುಬೇದಾರ್ ಮಾಚಯ್ಯ, ಕೆಂಪು ಶಾಯಿಯಲ್ಲಿ:
‘ಹದಿನೆಂಟನೇ ಪುಟದ ಕೋಟೆಗೆ ಬಾವಿಯಿಲ್ಲ.
ಮುತ್ತಿಗೆ ಬಿದ್ದರೆ ನಾಲ್ಕೇ ದಿನ.
ಹಿಂದೆ ಸರಿಯುವುದಕ್ಕೆ ನಿಯಮ ಬರೆಯಿರಿ.
ಮುನ್ನುಗ್ಗುವುದು ಕತ್ತೆಗೂ ಗೊತ್ತು.’
ಅಮ್ಮತ್ತಿಯ ಅವಳಿ ಹುಡುಗರಿಗೆ ಇನ್ನಷ್ಟು ರಾಕ್ಷಸರು.
‘ಆನೆ ಮಾತ್ರ ಬೇಡ ಅಕ್ಕ, ಆನೆ ದಿನಾ ಬರುತ್ತೆ.’
ನಾಪೋಕ್ಲಿನಲ್ಲಿ ಹೊಲಿಗೆ ಮೆಷಿನ್ ಇಟ್ಟ ರುಖಿಯಾ:
‘ಕವಚ ಅಂದ ಮೇಲೆ ಹೊಟ್ಟೆ ಮುಚ್ಚಬೇಕಲ್ಲ?
ಚಿತ್ರ ಬರೆಯುವವರಿಗೆ ಅಳತೆ ನಾನು ಕೊಡುತ್ತೇನೆ.’
ಒಂದು ಲಕೋಟೆ ಸ್ಟಾಂಪಿಲ್ಲದೆ ಬಂತು, ದಂಡ ಕಟ್ಟಿ ಬಿಡಿಸಿಕೊಂಡೆ.
ಒಳಗೆ ಒಂದು ಅಕ್ಷರವಿಲ್ಲ,
ಐದು ರೂಪಾಯಿಯ ಸ್ಟಾಂಪು ಮಾತ್ರ.

ನನಗೆ ಬೇಕಿದ್ದದ್ದು ಬೇರೆ.
ಯಂತ್ರದ ಗಾಜಿನ ಮೇಲೊಂದು ಗೀರು,
ಯಾರದೋ ಜಾತಕದ ಸ್ಟೇಪಲ್ ಪಿನ್ನು ಎಳೆದದ್ದು,
ಮೇಲಿಂದ ಕೆಳಕ್ಕೆ, ಕೊಂಚ ಎಡಕ್ಕೆ ವಾಲಿ,
ಆಧಾರಿನಲ್ಲಿ ಊರಿನವರ ಕೆನ್ನೆ ಸೀಳುತ್ತಿತ್ತು,
ಪತ್ರಿಕೆಯಲ್ಲಿ ನಕಾಶೆಗಳನ್ನು.
ಮೈಸೂರಿನಿಂದ ಹೊಸ ಗಾಜು ತರಿಸಿದೆ.
ಕೋಟೆಗೆ ಬಾವಿ ತೋಡಿದೆ, ಹೊಟ್ಟೆ ಮುಚ್ಚಿದೆ,
ಓಡಿಹೋಗಲು ಅರ್ಧ ಪುಟ ನಿಯಮ.
ಆರನೇ ಸಂಚಿಕೆ ತೊಳೆದ ತಟ್ಟೆಯ ಹಾಗೆ ಬಂತು.

ಹದಿನೈದೇ ದಿನ. ಪೋಸ್ಟ್‌ಮ್ಯಾನ್ ಉಂಬಾಯಿ
ಕಟ್ಟು ಎಸೆದು ಹೋದರು.
ನದಿ ಎಲ್ಲಿ?

‘ನಾವು ದೋಣಿಯಲ್ಲಿದ್ದೆವು ಅಕ್ಕ,’ ಅಮ್ಮತ್ತಿಯಿಂದ,
‘ಈಗ ಒಣ ನೆಲದ ಮೇಲೆ ಹುಟ್ಟು ಹಾಕುತ್ತಾ ಕೂತಿದ್ದೇವೆ.’
ಸುಬೇದಾರರು: ‘ಪಶ್ಚಿಮ ದಡದಲ್ಲಿ ನನ್ನ ನಲವತ್ತು ಜನ,
ಒಂಬತ್ತು ತಿಂಗಳಿಂದ ಸೇತುವೆ ಕಟ್ಟುತ್ತಿದ್ದಾರೆ.
ಆದೇಶ ಏನು?’
ನರ್ಸಮ್ಮನ ಗುಂಪಿಗೆ ಅದು ನೇರಹೊಳೆ, ರುಖಿಯಾಗೆ ನೂಲುಹೊಳೆ,
ಎಲ್ಲ ನಕಾಶೆಯಲ್ಲೂ ಒಂದೇ ಕಡೆ ಹರಿಯುವುದರಿಂದ
ಎಲ್ಲ ಲೋಕಗಳೂ ಅದರ ದಡದಲ್ಲೇ ಇವೆ ಎಂದು
ಯಾರೋ ಲೆಕ್ಕ ಹಾಕಿ ಪುರಾಣವನ್ನೇ ಬರೆದಿದ್ದರು.
ಐದು ಸಂಚಿಕೆ ನಾನು ಬರೆದ ಒಂದು ಸಾಲಿನ ಬಗ್ಗೆಯೂ
ಇಷ್ಟು ಜನ ಇಷ್ಟು ಕೋಪ ಮಾಡಿಕೊಂಡಿರಲಿಲ್ಲ.

ಹಳೇ ಗಾಜನ್ನು ಬೇಕರಿಯವನಿಗೆ ಕೊಟ್ಟಿದ್ದೆ.
ಅದರಡಿ ಎಗ್ ಪಫ್‌ಗಳು ಸಾಲಾಗಿ ಕೂತಿದ್ದವು,
ಮಧ್ಯೆ ನದಿ.
ಕೇಳಲು ನಾಚಿಕೆಯಾಯಿತು.

ಏಳನೇ ಸಂಚಿಕೆಗೆ ಸ್ಕೇಲು ಹಿಡಿದು ಕೂತೆ.
ಒಂದು ಪ್ರತಿಗೆ ಆರು ನಕಾಶೆ, ಅರವತ್ತು ಪ್ರತಿ,
ಕೊಂಚ ಎಡಕ್ಕೆ ವಾಲಿಸಿ.
ನಲವತ್ತೊಂದನೆಯದಕ್ಕೆ ಕರೆಂಟು ಹೋಯಿತು.
ಕತ್ತಲಲ್ಲಿ ಕೈ ಜಾರಿದ್ದು ಬೆಳಕು ಬಂದ ಮೇಲೆ ಕಂಡಿತು.
ಕಾಗದ ದುಬಾರಿ, ಹಾಗೇ ಕಳಿಸಿದೆ.

ನಿನ್ನೆ ಒಂದು ಲಕೋಟೆ. ಅಕ್ಷರ ಪರಿಚಯವಿಲ್ಲ.
‘ನದಿ ತಿರುಗಿದೆ.
ನಮ್ಮ ಹಳ್ಳಿ ಈಗ ಆಚೆ ದಡಕ್ಕೆ ಸೇರಿದೆ.
ಎರಡು ರಾತ್ರಿ ಇದನ್ನೇ ಆಡಿದೆವು.
ದಯವಿಟ್ಟು ಸರಿಪಡಿಸಬೇಡಿ.’

ಸ್ಟಾಂಪು ಈ ಸಲ ಹೊರಗೆ ಅಂಟಿಸಿತ್ತು.